ಮಲಂಗಸಾಬ ಮಾಸ್ತರರು ಕೂತು ಕೇಳಿದ ಮನೆಗಳು

ಪಿಟೀಲು ಕಲಿಯಬೇಕೆಂದು ಯಾರಾದರೂ ಬಂದರೆ ಮಲಂಗಸಾಬ ಮಾಸ್ತರರು ಅವರ ಬೆರಳು ನೋಡುತ್ತಿರಲಿಲ್ಲ. ಒಂದು ಹಾಡು ಹೇಳು, ಕಂಠ ಕೇಳೋಣ ಎನ್ನುತ್ತಲೂ ಇರಲಿಲ್ಲ. "ನಿಮ್ಮ ಮನಿ ಎಲ್ಲಿ ಅದ?" ಎಂದು ಕೇಳುತ್ತಿದ್ದರು, ಅಷ್ಟೇ. ಆಮೇಲೆ ಒಂದು ದಿನ ಕರಿ ಟೋಪಿ ಹಾಕಿಕೊಂಡು, ಸೈಕಲ್ಲು ತುಳಿದುಕೊಂಡು ಆ ಮನೆಗೆ ಹೋಗಿ, ಕಟ್ಟೆಯ ಮೇಲೆ ಕೂತು, ಕೊಟ್ಟ ಚಹಾ ಕುಡಿದು, ತಾಸುಗಟ್ಟಲೆ ತುಟಿ ಬಿಚ್ಚದೆ ಕೂತುಬಿಡುತ್ತಿದ್ದರು. ಮನೆಯವರಿಗೆ ಮುಜುಗರವೋ ಮುಜುಗರ. ಮಳೆಯ ಮಾತು ತೆಗೆದರೂ "ಹೌದ್ರಿ", ಜೋಳದ ಮಾತು ತೆಗೆದರೂ "ಹೌದ್ರಿ". ರಾಯಚೂರಿನ ತೀನ್ ಕಂದೀಲ್ ಚೌಕದ ಸುತ್ತಮುತ್ತ ಇದೊಂದು ನಗೆಪಾಟಲಿನ ವಿಷಯವೇ ಆಗಿತ್ತು. "ಮಾಸ್ತರು ಪಿಟೀಲು ಕಲಸಾಕ ಬಂದಾರೋ, ಕನ್ಯಾ ನೋಡಾಕ ಬಂದಾರೋ?" ಎಂದು ಒಳಗಿನಿಂದ ಹೆಂಗಸರು ಕಿಸಕ್ಕೆನ್ನುತ್ತಿದ್ದರು. ನಗಲಿ ಬಿಡಿ. ಊರ ಬಾಯಿಗೆ ಮೂಗುದಾರ ಹಾಕಿದವರುಂಟೇ?

ಮಾಸ್ತರರು ಕೂತು ಕೇಳುತ್ತಿದ್ದದ್ದು ಆ ಮನೆಯ ಸಪ್ಪಳವನ್ನು. ಪ್ರತಿ ಮನೆಗೂ ತನ್ನದೇ ಒಂದು ಸಪ್ಪಳ ಇರುತ್ತದೆ, ಮಗು ಮಾತು ಕಲಿಯುವ ಮೊದಲೇ ಅದು ಕಿವಿಯೊಳಗೆ ಹೋಗಿ ಮನೆ ಮಾಡಿಕೊಂಡಿರುತ್ತದೆ ಎಂಬುದು ಅವರ ನಂಬಿಕೆ. ಸ್ಟೇಷನ್ನಿನ ಹಿಂದಿನ ಮನೆಯ ಹುಡುಗನಿಗೆ ಇಂಜಿನ್ನಿನ ಸೀಟಿ. ಕಂಚುಗಾರರ ಹುಡುಗನಿಗೆ ಕೊಡದ ಮೇಲೆ ಬೀಳುವ ಸುತ್ತಿಗೆ. ದರ್ಜಿಯ ಮಗಳಿಗೆ ಮಷೀನಿನ ಚಕ್ರ. ಅಂಥ ಹುಡುಗರ ಕೈಗೆ ಪಿಟೀಲು ಕೊಟ್ಟು, ತಂತಿಯನ್ನು ನೀನೇ ಏರಿಸು ಎಂದರೆ, ಬಿರಡೆ ತಿರುವಿ ತಿರುವಿ ಕಡೆಗೆ ಅವರು ನಿಲ್ಲಿಸುವುದು ಆ ಮನೆಯ ಸ್ವರದಲ್ಲೇ. ಪಕ್ಕದಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬೇರೆ ಸ್ವರ ಹಿಡಿದಿದ್ದರೂ ಕಿವಿ ದಾರಿ ತಪ್ಪಿಸುತ್ತದೆ. "ಅದನ್ನ ಕಿವಿಯಿಂದ ಹೊರಗ ಹಾಕಬೇಕು. ಹಾಕಿದ್ರ ಬ್ಯಾರೆ ಸ್ವರಕ್ಕ ಜಾಗಾ ಸಿಗತದ," ಎನ್ನುತ್ತಿದ್ದರು ಮಾಸ್ತರರು.

ಹಾಗಾಗಿ ಶಿಷ್ಯರ ತಂತಿಯನ್ನು ಅವರು ಎಂದೂ ತಾವು ಶ್ರುತಿ ಮಾಡಿಕೊಡುತ್ತಿರಲಿಲ್ಲ. ಅಳಲಿ, ಕರೆಯಲಿ, ಬಿರಡೆ ಮುಟ್ಟುತ್ತಿರಲಿಲ್ಲ. ತಾವು ಪೇಟಿಯ ಒಂದು ಸ್ವರ ಒತ್ತಿ ಹಿಡಿದು ಕೂರುವುದು, ಶಿಷ್ಯ ತಂತಿ ಏರಿಸುವುದು. ತಂತಿ ಜಾರಿ ಹಳೆಯ ಜಾಗಕ್ಕೆ ಬಿತ್ತೋ, ಮಾಸ್ತರರು ಬೆರಳಿನಿಂದ ನೆಲ ಬಡಿದು ಹೇಳುತ್ತಿದ್ದರು: "ಮನಿಗಿ ಹೋದಿ. ತಿರುಗಿ ಬಾ." ಇದೇ ಪಾಠ, ತಿಂಗಳುಗಟ್ಟಲೆ. ಎಷ್ಟೋ ಜನ ಬೇಸತ್ತು ಹಾರ್ಮೋನಿಯಂ ಕಲಿಯಲು ಓಡಿಹೋದರು. ಉಳಿದವರ ಶ್ರುತಿ ಮಾತ್ರ ಬಂಡೆಗಲ್ಲು.

ಇಷ್ಟು ಹಟ ಯಾಕೆ ಬಂತು ಎಂದರೆ, ಅದಕ್ಕೆ ದೇವದುರ್ಗಕ್ಕೆ ಹೋಗಬೇಕು.

ದೇವದುರ್ಗದ ಪಿಂಜಾರರ ಓಣಿಯಲ್ಲಿ ಮಲಂಗ ಹುಟ್ಟಿದ್ದು. ಅಪ್ಪನ ಹೆಸರು ಪಕೀರಪ್ಪ. ಹೆಸರು ಪಕೀರಪ್ಪ, ನಮಾಜು ಮಸೀದಿಯಲ್ಲಿ, ಮನೆಯ ಮಾತು ಕನ್ನಡ. ಆ ಓಣಿಯಲ್ಲಿ ಇದಕ್ಕೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಪಕೀರಪ್ಪನ ಕಸುಬು ಹತ್ತಿ ಹಿಂಜುವುದು, ಗಾದಿ ತುಂಬುವುದು. ನಡುಮನೆಯ ತೊಲೆಗೆ ಆಳುದ್ದದ ಕಮಾನು ಜೋತುಬಿದ್ದಿರುತ್ತಿತ್ತು, ಅದಕ್ಕೆ ಬಿಗಿದ ನರದ ಹುರಿ. ಹುರಿಯನ್ನು ಹತ್ತಿಯ ಗುಡ್ಡೆಗೆ ತಾಗಿಸಿ ಮರದ ಕೊಡತಿಯಿಂದ ಹೊಡೆದರೆ ಗುಂಯ್ ಎಂದು ಮನೆಯೆಲ್ಲ ತುಂಬುತ್ತಿತ್ತು. ಹತ್ತಿ ಎಳೆಯೆಳೆಯಾಗಿ ಹಾರುತ್ತಿತ್ತು. ಮಲಂಗ ಆ ಅರಳೆಯ ಗುಡ್ಡೆಯಲ್ಲೇ ಮಲಗಿ ಬೆಳೆದವನು. ಅವನಿಗೆ ಜೋಗುಳ ಅಂತ ಬೇರೆ ಯಾರೂ ಹಾಡಿದ್ದೇ ಇಲ್ಲ.

ಒಂದು ವರ್ಷ ಊರಿಗೆ ನಾಟಕದ ಕಂಪನಿ ಬಂದು ಬೀಡುಬಿಟ್ಟಿತು. ಅದರಲ್ಲಿ ಪಿಟೀಲು ಬಾರಿಸುತ್ತಿದ್ದ ಸತ್ತಾರ್ ಸಾಬ್ ಹಳೇ ಗಾದಿ ಹಿಂಜಿಸಿಕೊಳ್ಳಲು ಇವರ ಮನೆಗೆ ಬಂದರು. ಮೂಲೆಯಲ್ಲಿ ಕೂತು ಹತ್ತಿಯಿಂದ ಬೀಜ ಬಿಡಿಸುತ್ತಿದ್ದ ಹುಡುಗ, ಕಮಾನಿನ ಸ್ವರಕ್ಕೆ ಸ್ವರ ಕೂಡಿಸಿ ಗುನುಗುತ್ತಿದ್ದುದು ಅವರ ಕಿವಿಗೆ ಬಿತ್ತು. ಎಳ್ಳಷ್ಟೂ ಆಚೀಚೆ ಇಲ್ಲ. "ಪಕೀರಪ್ಪಾ, ಈ ಹುಡುಗನ್ನ ನನಗ ಕೊಡು," ಎಂದರು. ಪಕೀರಪ್ಪ ಕೊಟ್ಟ. ಗಾದಿ ಹಿಂಜಿದ್ದಕ್ಕೆ ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ, ಹುಚ್ಚ.

ಸತ್ತಾರ್ ಸಾಬ್ ರಾಯಚೂರಿನ ತಮ್ಮ ಮನೆಯಲ್ಲಿಟ್ಟುಕೊಂಡು ಕಲಿಸಿದರು. ಪ್ರೀತಿಯ ಮನುಷ್ಯ, ಆದರೆ ತಾಳ್ಮೆ ಕಡಿಮೆ. ಹುಡುಗ ತಂತಿ ಏರಿಸಲು ಕೂತರೆ ಅದು ಯಾವಾಗಲೂ ಒಂದೇ ಜಾಗಕ್ಕೆ ಹೋಗಿ ನಿಲ್ಲುವುದನ್ನು ನೋಡಿ, "ತಾರಾಂ ಮೈ ಮಿಲಾತೂಂ, ತೂ ಖಾಲೀ ಬಜಾ," ಎಂದು ಪಿಟೀಲು ಕಿತ್ತುಕೊಂಡು ತಾವೇ ಶ್ರುತಿ ಮಾಡಿ ಕೊಡುತ್ತಿದ್ದರು. ತಂತಿ ನಾನು ಕೂಡಿಸುತ್ತೇನೆ, ನೀನು ಬಾರಿಸಿದರೆ ಸಾಕು. ಹಾಗೆ ಹತ್ತು ವರ್ಷ ಬಾರಿಸಿದ. ಬೆರಳಿಗೆ ಎಲ್ಲ ಬಂತು, ಕಿವಿ ಮಾತ್ರ ದೇವದುರ್ಗದಲ್ಲೇ ಉಳಿಯಿತು.

ಎಪ್ಪತ್ತೊಂದನೇ ಇಸವಿಯಲ್ಲಿ ಮಾನ್ವಿಯ ಅರಿವೆ ವ್ಯಾಪಾರಿಯೊಬ್ಬರ ಹೊಸ ಮನೆಯಲ್ಲಿ ಗಾಯನ ಇತ್ತು. ಹಾಡುವವರು ಹೊರಗಿನಿಂದ ಬಂದ ದೊಡ್ಡ ಹೆಸರಿನವರು. ಪಿಟೀಲಿನ ಸಾಥಿಗೆ ಸತ್ತಾರ್ ಸಾಬ್ ಹೋಗಬೇಕಿತ್ತು, ಜ್ವರ ಬಂದು ಮಲಗಿದರು. "ಹೋಗು, ನೀನಽ ನನ್ನ ಕೈ," ಎಂದು ಮಲಂಗನನ್ನು ಕಳಿಸಿದರು. ಮಗ ದೊಡ್ಡ ಸಭೆಯಲ್ಲಿ ಬಾರಿಸುತ್ತಾನೆಂದು ಪಕೀರಪ್ಪನೂ ಒಗೆದ ಧೋತರ ಉಟ್ಟು ದೇವದುರ್ಗದಿಂದ ಬಸ್ಸು ಹತ್ತಿ ಬಂದ. ಒಳಗೆ ಜಮಖಾನೆಯ ಮೇಲೆ ಕೂಡಲು ಧೈರ್ಯ ಬರದೆ ಬಾಗಿಲಲ್ಲಿ, ಚಪ್ಪಲಿಗಳ ಹತ್ತಿರ ಕೂತ.

ಮೊದಲ ಹಾಡು ನೆಟ್ಟಗೆ ಹೋಯಿತು. ಹೊಸ ತಂತಿಗಳು, ಸಡಿಲಾಗುತ್ತ ಬಂದವು. ಹಾಡು ಹಾಡಿನ ನಡುವೆ ಮಲಂಗ ಬಿರಡೆ ತಿರುವಿದ. ಪ್ರತಿ ಸಲವೂ ತಂತಿ ಒಂದಿಷ್ಟು ಕೆಳಗೆ, ಕೆಳಗೆ. ಅವನಿಗೆ ಮಾತ್ರ ಈಗ ಸರಿಹೋಯಿತು, ಈಗ ಪೂರಾ ಸರಿಹೋಯಿತು ಎನ್ನಿಸುತ್ತಿತ್ತು. ಅದೇ ನೋಡಿ ದುರ್ದೈವ. ಗಾಯಕರು ಹಾಡು ನಿಲ್ಲಿಸಿ ಸಭೆಯ ಮುಂದೆಯೇ ಅಂದರು: "ಈ ಪಿಂಜಾರನ್ನ ಯಾರ್ರೀ ಕರಕೊಂಡು ಬಂದವರು? ಗಾದಿ ತುಂಬಾಕ ಕಳಸ್ರಿ." ಇಡೀ ಪಡಸಾಲೆ ಗೊಳ್ಳೆಂದಿತು. ಮಲಂಗ ಪಿಟೀಲನ್ನು ಎದೆಗವಚಿಕೊಂಡು ಎದ್ದು ಹೊರಗೆ ಬಂದ. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದ.

ಬಸ್ ಸ್ಟ್ಯಾಂಡಿನ ತನಕ ಅಪ್ಪ ಹಿಂದಿಂದೆಯೇ ಬಂದ. ಅವನಿಗೆ ಆ ಬೈಗುಳ ಅರ್ಥವಾಗಿತ್ತೋ ಇಲ್ಲವೋ. ಮುಖದ ತುಂಬ ಬೆಳಕು. "ಮಲಂಗಾ, ನಾ ಕಣ್ಣು ಮುಚ್ಚಿಕೊಂಡು ಕುಂತಿದ್ನಿ ನೋಡು," ಎಂದ. "ಕಡೀಕ ಕಡೀಕ ನಮ್ಮ ಮನಿ ಕಮಾನಽ ಕೇಳಿಸ್ತಲೇ! ನಮ್ಮದಽ ಅಲ್ಲೇನು ಅದು?"

"ಅದಽ ನನ್ನ ಮಾನ ಕಳೀತು!" ಎಂದು ಮಲಂಗ ಕಿರುಚಿದ. "ಇನ್ಮ್ಯಾಗ ನಾ ಬಾರಸೋ ಕಡಿ ನೀ ಬರಬ್ಯಾಡ."

ಪಕೀರಪ್ಪ ಆ ಮಾತನ್ನು ಆಣೆ ಇಟ್ಟ ಹಾಗೆ ನಡೆಸಿದ. ಮಗ ಎಲ್ಲೇ ಬಾರಿಸಿದರೂ ಬರಲಿಲ್ಲ. ಮೂರನೆಯ ವರ್ಷ ಸತ್ತೂ ಹೋದ. ಕಮಾನು ದೇವದುರ್ಗದ ಮನೆಯಲ್ಲಿ ತಮ್ಮ ಖಾಜಾಮಿಯಾನ ಪಾಲಿಗೆ ಉಳಿಯಿತು. ಮಲಂಗಸಾಬರು ಹಟ ಹಿಡಿದು, ಗುದ್ದಾಡಿ, ಕಿವಿಯಿಂದ ಆ ಸ್ವರವನ್ನು ಓಡಿಸಿದರು, ರಾಯಚೂರಿನಲ್ಲಿ ಪಾಠದ ಕೋಣೆ ತೆರೆದರು, ಮಾಸ್ತರ್ ಎನ್ನಿಸಿಕೊಂಡರು. ತಾನು ಪಟ್ಟ ಅವಮಾನ ತನ್ನ ಒಬ್ಬ ಶಿಷ್ಯನೂ ಪಡಬಾರದು ಎಂಬುದೇ ಅವರ ಪಾಠವಾಯಿತು. ಅಪ್ಪನಿಗೆ ಅಂದ ಮಾತು ಮಾತ್ರ ಅವರನ್ನು ಬಿಡಲಿಲ್ಲ. ಅದನ್ನು ಯಾರಿಗೆ ಹೇಳುವುದು?

ಎಂಬತ್ತೆರಡರಲ್ಲಿ ಸಿರವಾರದಿಂದ ಅಕ್ಕಿ ಗಿರಣಿಯ ಮುದುಕಪ್ಪ ಸಾವಕಾರರು ಬಂದರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಹೊಸ ಪಿಟೀಲಿನ ಪೆಟ್ಟಿಗೆ. ಹಿಂದೆ ಮಗಳು ಹಂಪಮ್ಮ, ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸು. ಗಂಡ ಹಾವು ಕಚ್ಚಿ ತೀರಿಕೊಂಡು ವರ್ಷದ ಮೇಲಾಗಿತ್ತು, ತವರಿಗೆ ಬಂದು ಕೂತಿದ್ದಳು. "ಸಣ್ಣಕಿದ್ದಾಗ ಮಠದಾಗ ಭಜನಿ ಹಾಡತಿದ್ಳು. ಕೈಯಾಗ ಏನರ ಒಂದು ಇದ್ರ ಮನಸ್ಸು ಹಗುರಾಗತದ. ಕಲಸ್ರಿ ಮಾಸ್ತರ್ರ," ಎಂದರು ಮುದುಕಪ್ಪ.

ಮಾಸ್ತರರು ತಮ್ಮ ಪದ್ಧತಿ ಬಿಡುವವರೇ? ಸಿರವಾರಕ್ಕೆ ಹೋದರು, ಪಡಸಾಲೆಯಲ್ಲಿ ಕೂತರು, ಕೇಳಿದರು. ಗೋಡೆಯ ಆಚೆಯೇ ಗಿರಣಿ. ಇಡೀ ಮನೆ ಹೂಂ ಎನ್ನುತ್ತಿತ್ತು, ನೀರಿನ ಲೋಟ ಕೂಡ ಸಣ್ಣಗೆ ನಡುಗುತ್ತಿತ್ತು. ಇನ್ನೇನು ಬೇಕು? ಈ ಹುಡುಗಿಯ ಕಿವಿಯಲ್ಲಿರುವುದು ಗಿರಣಿ ಎಂದು ತೀರ್ಮಾನಿಸಿ ಎದ್ದುಬಂದರು.

ಹಂಪಮ್ಮ ವಾರಕ್ಕೆರಡು ಸಲ ಬಸ್ಸಿನಲ್ಲಿ ರಾಯಚೂರಿಗೆ ಬರುತ್ತಿದ್ದಳು. ಕೈ ಚುರುಕು, ಬುದ್ಧಿ ಚುರುಕು, ಮಾತು ಅಳೆದು ತೂಗಿ. ಆದರೆ ತಂತಿ? ಪೇಟಿಯ ಸ್ವರಕ್ಕೆ ಹಚ್ಚುತ್ತಿದ್ದಳು, ಸರಿಯಾಗಿಯೇ ಹಚ್ಚುತ್ತಿದ್ದಳು. ಗಳಿಗೆ ಹೊತ್ತು ಬಾರಿಸಿ ಮತ್ತೆ ಬಿರಡೆ ಮುಟ್ಟಿದಳೋ, ತಂತಿ ಇಳಿದು ತನ್ನ ಜಾಗಕ್ಕೆ ಹೋಗಿ ಕೂತುಬಿಡುತ್ತಿತ್ತು.

"ಗಿರಣಿಗಿ ಹೋದಿ. ತಿರುಗಿ ಬಾ."

"ಹ್ಞೂಂರಿ," ಎಂದು ತಲೆ ತಗ್ಗಿಸಿ ತಿರುಗಿ ಬರುತ್ತಿದ್ದಳು. ಮುಂದಿನ ಪಾಠಕ್ಕೆ ಮತ್ತೆ ಅದೇ ಕತೆ. ಒಂದು ಅನುಮಾನ ಮಾಸ್ತರರಿಗೂ ಬರದೆ ಇರಲಿಲ್ಲ. ಅವಳ ತಂತಿ ನಿಲ್ಲುತ್ತಿದ್ದ ಜಾಗ, ಸಿರವಾರದಲ್ಲಿ ಕೇಳಿದ ಗಿರಣಿಯ ಸ್ವರಕ್ಕಿಂತ ಒಂದಿಷ್ಟು ಕೆಳಗಿತ್ತು. ಗಿರಣಿಯ ಬೆಲ್ಟು ಸಡಿಲಾಗಿರಬೇಕು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ತಪ್ಪು ತನ್ನದು ಎಂದು ಒಪ್ಪುವುದು ಗುರುವಾದವನಿಗೆ ಅಷ್ಟು ಸಲೀಸೇ?

ಎರಡೂವರೆ ವರ್ಷ ಹೀಗೇ ನಡೆಯಿತು. ಎಂಬತ್ತೈದರ ಮೊದಲಲ್ಲಿ ಮಾನ್ವಿಯ ಹೆಣ್ಣುಮಕ್ಕಳ ಶಾಲೆಯೊಂದರಿಂದ ಸುದ್ದಿ ಬಂತು. ಸಂಗೀತ ಕಲಿಸಲು ಒಬ್ಬರು ಬಾಯಾರು, ಅಂದರೆ ಶಿಕ್ಷಕಿ, ಬೇಕು. ಶಾಲೆಯಲ್ಲಿ ವಯಸ್ಸಾದ ಪೇಟಿ ಮಾಸ್ತರರು ಇದ್ದಾರೆ; ಬರುವವರು ಅವರ ಪೇಟಿಗೆ ಹೊಂದಿಸಿ ಪ್ರಾರ್ಥನೆ ಬಾರಿಸಿ ತೋರಿಸಬೇಕು. ಹೊಂದಿದರೆ ಕೆಲಸ, ಇರಲು ಶಾಲೆಯ ಹಿಂದೆ ಒಂದು ಕೋಣೆ.

ಅದನ್ನು ಕೇಳಿದಾಗ ಹಂಪಮ್ಮನ ಮುಖದಲ್ಲಿ ಕಂಡ ಆಸೆಯನ್ನು ಮಾಸ್ತರರು ಅದಕ್ಕೆ ಮುಂಚೆ ಕಂಡಿರಲಿಲ್ಲ. "ಅತ್ತಿಗೇರು ಅನ್ನ ಹಾಕ್ತಾರ್ರಿ, ಇಲ್ಲ ಅನ್ನಂಗಿಲ್ಲ," ಎಂದಳು. "ಆದ್ರ ಅವರು ಸೌಟು ಎತ್ತಿದ್ರ ನಾ ತಾಟು ಹಿಂದಕ್ಕ ಎಳಕೋತೀನಿ. ನಂದಽ ಒಂದು ಒಲಿ ಬೇಕ್ರೀ ಮಾಸ್ತರ್ರ. ಈ ಕೆಲಸ ಬಿಟ್ರ ನನಗ ಇನ್ನೊಂದು ಸಿಗಂಗಿಲ್ಲ."

ಮಾಸ್ತರರಿಗೆ ಹಳೆಯದೆಲ್ಲ ನೆನಪಾಯಿತು. ಅದೇ ಮಾನ್ವಿ, ಅದೇ ಜಾರುವ ತಂತಿ. "ಆ ಗಿರಣಿ ಬಿಡು ಯವ್ವಾ, ಬಿಡು," ಎಂದು ಕೈಮುಗಿದು ಹೇಳಿದರು.

ಪರೀಕ್ಷೆಯ ದಿನ ಗೊತ್ತಾಗುವ ಹೊತ್ತಿಗೆ ಹಂಪಮ್ಮ ರಾಯಚೂರಿಗೆ ಬರುವುದೇ ನಿಂತಿತ್ತು. ಗಂಡನ ಊರಾದ ಗಬ್ಬೂರಿನಲ್ಲಿ ಅತ್ತೆ ಬಸವಂತಮ್ಮನಿಗೆ ಮೈಯಲ್ಲಿ ಹುಷಾರಿಲ್ಲವೆಂದು ನೋಡಿಕೊಳ್ಳಲು ಹೋಗಿದ್ದಳು. ಅದೇ ಸುಮಾರಿಗೆ ದೇವದುರ್ಗದಿಂದ ಖಾಜಾಮಿಯಾ ಹೇಳಿ ಕಳಿಸಿದ್ದ: ಊರಿಗೆ ಹತ್ತಿ ಹಿಂಜುವ ಮಷೀನು ಬಂದಿದೆ, ಅಪ್ಪನ ಕಮಾನು ಸುಮ್ಮನೆ ಜಾಗ ತಿನ್ನುತ್ತಿದೆ, ಒಲೆಗೆ ಹಾಕಲೋ ಏನು ಮಾಡಲಿ, ಬಂದು ಹೇಳು. ಮಾಸ್ತರರು ದೇವದುರ್ಗದ ಬಸ್ಸು ಹತ್ತಿದರು, ದಾರಿಯಲ್ಲಿ ಗಬ್ಬೂರಿಗೆ ಇಳಿದು ಹಂಪಮ್ಮನಿಗೆ ದಿನ ತಿಳಿಸಿ ಮುಂದೆ ಹೋದರಾಯಿತು ಎಂದುಕೊಂಡರು.

ಬಸವಂತಮ್ಮ ಚೇತರಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. "ಬರ್ರಿ ಮಾಸ್ತರ್ರ, ಕುಂದರ್ರಿ. ನಿಮ್ಮ ಸುದ್ದಿ ದಿನಾ ಹೇಳತಾಳ," ಎಂದು ಕಂಬಳಿ ಹಾಸಿದಳು. ಹಂಪಮ್ಮ ಚಹಾ ತಂದಳು. ಪರೀಕ್ಷೆಯ ದಿನದ ಮಾತು ಮುಗಿಯಿತು. ಇನ್ನು ಏಳಬೇಕು, ಅಷ್ಟರಲ್ಲಿ ಊರಾಚೆಯ ಹಳ್ಳದ ಕಡೆಯಿಂದ ನೀರೆತ್ತುವ ಇಂಜಿನ್ ಶುರುವಾಯಿತು. ಸಾಮಾನ್ಯ ಇಂಜಿನ್ನಿನ ಟುಕುಟುಕು ಅಲ್ಲ. ಅದರ ಮೇಲೊಂದು ಉದ್ದನೆಯ, ಒಂದೇ ಸಮನಾದ ಹೂಂಕಾರ. ಮಾಸ್ತರರ ಕೈಯಲ್ಲಿದ್ದ ಬಟ್ಟಲು ಅಲ್ಲೇ ನಿಂತಿತು. ಎರಡೂವರೆ ವರ್ಷದಿಂದ ಬೆರಳು ಬಡಿದು ಬಡಿದು ಹೊರಗೆ ಹಾಕಲು ನೋಡಿದ ಸ್ವರ ಅದು. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

"ಏನ್ರಿ ಯವ್ವಾ ಆ ಸಪ್ಪಳ?" ಎಂದರು.

"ನಮ್ಮದಽ ಇಂಜಿನ್ರಿ. ಸಣ್ಣ ಮಗ ನೀರು ಬಿಡಾಕತ್ಯಾನ," ಎಂದಳು ಬಸವಂತಮ್ಮ. "ನಮ್ಮ ಗಡಿಗೆಪ್ಪ, ಈಕಿ ಗಂಡ, ಹೊಗಿ ಕೊಳವಿಗಿ ತಗಡಿನ ಕೊಳವಿ ಜೋಡಿಸಿ ಹಂಗ ಕೂಗಂಗ ಮಾಡಿದ್ದ. ಅದು ಕೇಳೋತನಕ ನಾ ಹೊಲದಾಗ ಆರಾಮ ಅದೀನಂತ ತಿಳಕೊಳ್ರಿ, ಊಟಕ್ಕ ಕಾಯಬ್ಯಾಡ್ರಿ ಅಂತಿದ್ದ. ಆವತ್ತೂ ಕೂಗಾಕತ್ತಿತ್ತು ನೋಡ್ರಿ. ಮಗ ಆರಾಮ ಅದಾನಂತ ನಾವು ಉಂಡು ಮಲಗಿದಿವಿ. ಬೆಳಕು ಹರಿಯೂಮುಂದ ಡೀಜೆಲ್ ತೀರಿ ನಿಂತಾಗ ಹೋಗಿ ನೋಡಿದ್ರ…"

"ಅತ್ತಿ, ಮಾಸ್ತರ್ರ ಚಹಾ ಆರಾಕತ್ತದ," ಎಂದಳು ಹಂಪಮ್ಮ. ಅವಳು ಹೊಸ್ತಿಲಲ್ಲಿ ನಿಂತಿದ್ದಳು. ಮುಖ ಹಳ್ಳದ ಕಡೆಗಿತ್ತು.

ಮಾಸ್ತರರಿಗೆ ಕಪಾಳಕ್ಕೆ ಹೊಡೆದಂತಾಯಿತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ಊರೆಲ್ಲ ಗಾದೆ ಹೇಳುತ್ತದೆ. ಅದು ಗೊತ್ತಿದ್ದೂ ಮದುವೆಯಾದ ಹೆಂಗಸಿನ ಮನೆ ಯಾವುದೆಂದು ಹುಡುಕಿಕೊಂಡು ಅವಳ ಅಪ್ಪನ ಪಡಸಾಲೆಗೆ ಹೋಗಿ ಕೂತಿದ್ದರಲ್ಲ! ಅವಳ ಮನೆ ಇಲ್ಲಿತ್ತು. ತಾವು ಕೂತದ್ದು ಬೇರೆ ಮನೆ, ಕೇಳಿದ್ದು ಬೇರೆ ಸಪ್ಪಳ, ಬೈದದ್ದು ಮಾತ್ರ ಇವಳನ್ನು. ಬಟ್ಟಲು ಕೆಳಗಿಟ್ಟು ಎದ್ದರು. ಹಂಪಮ್ಮನ ಮುಖ ನೋಡುವ ಧೈರ್ಯವಾಗಲಿಲ್ಲ.

ದೇವದುರ್ಗದಲ್ಲಿ ಖಾಜಾಮಿಯಾ ಕಮಾನನ್ನು ಗೋಡೆಗೆ ಆನಿಸಿಟ್ಟಿದ್ದ. ಮಾಸ್ತರರು ಅದನ್ನು ತೊಲೆಗೆ ತೂಗುಹಾಕಿಸಿದರು, ಹುರಿ ಬಿಗಿಸಿದರು. "ಹೊಡಿ," ಎಂದರು.

"ಹತ್ತಿ ಇಲ್ಲಲ್ಲೋ ಅಣ್ಣಾ."

"ಇರದಿದ್ರ ಇರವಲ್ದು. ಹೊಡಿ ನೀ."

ಖಾಜಾಮಿಯಾ ಹೊಡೆದ. ಪರರ ಮನೆಗಳಲ್ಲೆಲ್ಲ ತಾಸುಗಟ್ಟಲೆ ಕೂತು ಬಂದ ಮನುಷ್ಯ, ತನ್ನ ಮನೆಯಲ್ಲಿ ಕೂತು ಕೇಳಿದ್ದು ಅದೇ ಮೊದಲು. ಕೇಳುತ್ತ ಕೇಳುತ್ತ ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡು ಅತ್ತರು. ಒಲೆಯ ಮಾತು ಅಲ್ಲಿಗೆ ಮುಗಿಯಿತು. ಕಮಾನು ತೊಲೆಗೇ ಇರಲಿ ಎಂದು ಹೇಳಿ ಬಂದರು.

ಮಾನ್ವಿಗೆ ಹೋಗುವ ಮುಂಚಿನ ಪಾಠಕ್ಕೆ ಹಂಪಮ್ಮ ಬಂದಾಗ ಮಾಸ್ತರರು ಪೇಟಿ ಮುಟ್ಟಲಿಲ್ಲ. "ಯಾಕ ಹೇಳಲಿಲ್ಲ ಯವ್ವಾ?" ಎಂದು ಕೇಳಿದರು.

"ನೀವು ಕೇಳಲಿಲ್ಲಲ್ರೀ," ಎಂದಳು. "ಗಿರಣಿ ಅಂದ್ರಿ, ಹ್ಞೂಂ ಅಂದೆ. ಗಿರಣಿ ಬಿಡು ಅಂದ್ರ ಬಿಡತೀನಂತ ಅನ್ನಬಹುದು. ಅದನ್ನ ಬಿಡು ಅಂದಿದ್ರ ನಾ ಪಿಟೀಲನ್ನಽ ಬಿಡತಿದ್ನಿ." ಸೆರಗಿನಿಂದ ಮೂಗು ಒರೆಸಿಕೊಂಡು, "ಅದು ಕೇಳೋತನಕ ಅವರು ಆರಾಮ ಅದಾರ ಅನ್ನಿಸ್ತದ್ರಿ. ಹುಚ್ಚಲ್ರೀ?" ಎಂದಳು.

"ಹುಚ್ಚಲ್ಲ ಬಿಡವ್ವ," ಎಂದರು ಮಾಸ್ತರರು. "ಪೇಟಿಗಿ ಹೋಗೋದು ನಿನಗ ಬರತದ. ಮನಿಗಿ ಹೋಗೋದೂ ಬರತದ. ಮಾನ್ವಿಯೊಳಗ ಏನು ಮಾಡ್ತೀ ನೀನಽ ನೋಡು. ನಾ ಏನೂ ಅನ್ನಂಗಿಲ್ಲ." ಹೇಳುವುದನ್ನು ಹೇಳಿಬಿಟ್ಟರು. ಒಳಗೊಳಗೆ ಮಾತ್ರ, ಅಲ್ಲಾಹ್, ಈ ಹುಡುಗಿಯ ಒಲೆ ಹತ್ತುವ ಮೊದಲೇ ಆರಿಸಬೇಡ ಎಂದು ಬೇಡಿಕೊಂಡರು.

ಮಾನ್ವಿಯ ಶಾಲೆಯ ದೊಡ್ಡ ಕೋಣೆಯಲ್ಲಿ ಹುಡುಗಿಯರನ್ನು ಸಾಲಾಗಿ ನಿ‌ಲ್ಲಿಸಿದ್ದರು. ದೊಡ್ಡ ಬಾಯಾರು ಸರ್ವರಿ ಬೇಗಂ ಕುರ್ಚಿಯ ಮೇಲೆ ಕೂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಪೇಟಿ ಮಾಸ್ತರರ ಬಾಯಲ್ಲಿ ಎಲೆ ಅಡಿಕೆ. ಮಲಂಗಸಾಬರು ಒಳಗೆ ಹೋಗಬೇಕೆಂದು ಚಪ್ಪಲಿ ಬಿಡುತ್ತಿದ್ದಾಗ ನೋಡುತ್ತಾರೆ, ಬಾಗಿಲಲ್ಲಿ ಚಪ್ಪಲಿಗಳ ಹತ್ತಿರ ಬಸವಂತಮ್ಮ ಕೂತಿದ್ದಾಳೆ. ಸೊಸೆ ಬಾರಿಸುತ್ತಾಳೆಂದು ಗಬ್ಬೂರಿನಿಂದ ಬಸ್ಸು ಹತ್ತಿ ಬಂದಿದ್ದಳು.

"ಒಳಗ ಬರ್ರಿ ಯವ್ವಾ," ಎಂದರು.

"ನನಗೇನು ತಿಳೀತದ್ರಿ. ಇಲ್ಲೇ ಇರ್ತೀನಿ."

ಮಾಸ್ತರರು ಒಳಗೆ ಹೋಗಲಿಲ್ಲ. ತಾವೂ ಅಲ್ಲೇ, ಅವಳ ಪಕ್ಕದಲ್ಲಿ ನೆಲಕ್ಕೆ ಕೂತರು.

ಹಂಪಮ್ಮ ಪೇಟಿಗೆ ಶ್ರುತಿ ಕೂಡಿಸಿದಳು. ಲೋಪವಿಲ್ಲ. ಪ್ರಾರ್ಥನೆ ಶುರುವಾಯಿತು. ಪೇಟಿ ಮಾಸ್ತರರದು ಎಷ್ಟೋ ವರ್ಷಗಳಿಂದ ಬಿಡದೆ ಹಿಡಿದುಕೊಂಡು ಬಂದಿದ್ದ ಎತ್ತರದ ಶ್ರುತಿ. ಮೇಲಿನ ಸ್ವರ ಬಂದಲ್ಲೆಲ್ಲ ಹುಡುಗಿಯರಲ್ಲಿ ಅರ್ಧ ಜನ ಕಿರುಚುತ್ತಿದ್ದರು, ಅರ್ಧ ಜನ ಬರೀ ಬಾಯಿ ಆಡಿಸುತ್ತಿದ್ದರು. ಆದರೂ ಪಿಟೀಲು ಪೇಟಿ ಎರಡೂ ಒಂದಾಗಿಯೇ ಸಾಗಿ ಪ್ರಾರ್ಥನೆ ಮುಗಿಯಿತು. ಇನ್ನೊಮ್ಮೆ ಬಾರಿಸಿ ಎಂದರು ಬಾಯಾರು. ತಂತಿ ಕೊಂಚ ಸಡಿಲಾಗಿತ್ತು. ಹಂಪಮ್ಮ ಬಿರಡೆಗೆ ಕೈ ಹಾಕಿದಳು.

ಮೊದಲ ತಿರುವಿಗೇ ಮಾಸ್ತರರಿಗೆ ಗೊತ್ತಾಯಿತು. ತಂತಿ ಇಳಿಯುತ್ತಿದೆ. ತಿರುಗಿ ಬಾ ಎಂಬ ಮಾತು ಬಾಯಿಗೆ ಬಂತು, ಬೆರಳು ನೆಲಕ್ಕೆ ಹೋಯಿತು. ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡರು.

ಪೇಟಿ ಮತ್ತೆ ಶುರುವಾದದ್ದೇ ಎರಡೂ ಕಚ್ಚಾಡಿಕೊಂಡವು. ಪೇಟಿ ಮಾಸ್ತರರು ಬೆಳ್ಳನೆಯ ಹುಬ್ಬು ಮೇಲೇರಿಸಿದರು. "ಏನ್ರಿ ಬಾಯಾರ, ಶ್ರುತಿ ನೆಲಕ್ಕ ಬಿತ್ತಲ್ರಿ! ಇದು ಪಿಟೀಲೋ, ಹೊಲಕ್ಕ ನೀರು ಬಿಡೋ ಇಂಜಿನ್ನೋ?"

ಹುಡುಗಿಯರು ಗೊಳ್ಳೆಂದು ನಕ್ಕರು. ಆ ನಗು ಮಲಂಗಸಾಬರಿಗೆ ಹದಿನಾಲ್ಕು ವರ್ಷ ಹಳೆಯದು. ಇನ್ನು ಇವಳು ಪಿಟೀಲು ಎದೆಗವಚಿಕೊಂಡು ಎದ್ದು ಬರುತ್ತಾಳೆ, ನನ್ನ ಹಾಗೆಯೇ ಬರುತ್ತಾಳೆ ಎಂದು ಕಣ್ಣು ಮುಚ್ಚಿಕೊಂಡರು.

ಹಂಪಮ್ಮ ಏಳಲಿಲ್ಲ. "ಇಂಜಿನ್ನಽ ರೀ," ಎಂದಳು, ತಣ್ಣಗೆ. "ಮಾಸ್ತರ್ರ, ಒಂದು ಸಲ ಪೇಟಿ ಸುಮ್ಮಕಿರಲಿ. ಹುಡುಗ್ಯಾರು ಇದರಾಗ ಹಾಡಿ ನೋಡಲಿ."

ಪೇಟಿ ಮಾಸ್ತರರು ಬಾಯಾರ ಮುಖ ನೋಡಿದರು. ಬಾಯಾರು, ಆಗಲಿ ಎಂದು ತಲೆಯಾಡಿಸಿದರು. ಹಂಪಮ್ಮ ಪಿಟೀಲಿನ ಕಮಾನು ಎಳೆದಳು. ಹುಡುಗಿಯರು ನಗುತ್ತಲೇ ಹಾಡಲು ತೊಡಗಿದರು. ಮೇಲಿನ ಸ್ವರ ಬಂತು, ಯಾರೂ ಕಿರುಚಲಿಲ್ಲ. ಗಂಟಲಿಗೆ ನಿಲುಕಿತು. ಬರೀ ಬಾಯಿ ಆಡಿಸುತ್ತಿದ್ದ ಹಿಂದಿನ ಸಾಲಿನವರೂ ಹಾಡಿದರು, ನಿಲುಕಿದ ಖುಷಿಗೆ ಇನ್ನೂ ಜೋರಾಗಿ ಹಾಡಿದರು. ಪಿಟೀಲು ಎಂದೂ ಇಷ್ಟು ತುಂಬಿಕೊಂಡು ನುಡಿದದ್ದನ್ನು ಅವಳ ಗುರುವೇ ಕೇಳಿರಲಿಲ್ಲ. ಸರ್ವರಿ ಬೇಗಂ ಕನ್ನಡಕವನ್ನು ಕೈಯಲ್ಲೇ ಹಿಡಿದು ಕೂತಿದ್ದರು.

"ನಮ್ಮ ಹುಡುಗ್ಯಾರಿಗಿ ಇಷ್ಟು ಗಂಟಲು ಅದ ಅಂತ ನನಗಽ ಗೊತ್ತಿರಲಿಲ್ಲ," ಎಂದರು. "ಮಾಸ್ತರ್ರ, ನಾಳಿಂದ ಪೇಟಿ ಈ ಶ್ರುತಿಗಿ ಬರಲಿ. ಬಾಯಾರ, ಸೋಮವಾರ ಬಂದುಬಿಡ್ರಿ." ಪೇಟಿ ಮಾಸ್ತರರು ಗೊಣಗಿಕೊಂಡು ಎಲೆ ಉಗುಳಲು ಎದ್ದು ಹೋದರು.

ಹಂಪಮ್ಮ ಪೆಟ್ಟಿಗೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಬಸವಂತಮ್ಮ ಎದ್ದು ನಿಂತು ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮುದುಕಿಗೆ ಕೆಲಸದ ಮಾತು ತಲೆಗೆ ಹೋದಂತೆಯೇ ಇರಲಿಲ್ಲ. "ಹಂಪೀ," ಎಂದಳು, "ನಾ ಕಣ್ಣು ಮುಚ್ಚಿಕೊಂಡು ಕುಂತಿದ್ನಿ. ನಮ್ಮ ಗಡಿಗೆಪ್ಪನ ಇಂಜಿನ್ ಕೇಳಿಸಿದಂಗಾತಲ್ಲೇ. ನಮ್ಮದಽ ಅಲ್ಲೇನು ಅದು?"

ಪಕ್ಕದಲ್ಲಿ ಚಪ್ಪಲಿ ಮೆಟ್ಟಲು ಬಗ್ಗಿದ್ದ ಮಾಸ್ತರರು ಬಗ್ಗಿದಲ್ಲೇ ಉಳಿದರು. ಅಕ್ಷರಕ್ಕೆ ಅಕ್ಷರ ಅಪ್ಪ ಅಂದ ಮಾತೇ. ಅದಕ್ಕೆ ಇವಳೇನು ಉತ್ತರ ಕೊಡುತ್ತಾಳೋ ಎಂದು ಕಿವಿಗೊಟ್ಟರು.

"ಹೌದತ್ತಿ, ನಮ್ಮದಽ," ಎಂದಳು ಹಂಪಮ್ಮ. "ನಿನಗ ಕೇಳಲಿ ಅಂತಽ ಬಾರಿಸಿದೆ."

ಅತ್ತೆ ಸೊಸೆ ಕೈಕೈ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಮಾಸ್ತರರು ಅವರ ಹಿಂದೆ ದೂರ ಉಳಿದು, ಅದೇ ಹಳೆಯ ದಾರಿಯಲ್ಲಿ ನಡೆದರು. ಅರಿವೆ ವ್ಯಾಪಾರಿಯ ಮನೆ ದಾಟಿತು. ಬಸ್ ಸ್ಟ್ಯಾಂಡು ಬಂತು. ಅಪ್ಪ ನಿಂತು ಕೇಳಿದ್ದ ಜಾಗದಲ್ಲಿ ಒಬ್ಬ ಕಡಲೆಕಾಯಿ ಹುರಿಯುತ್ತಿದ್ದ. ಮಲಂಗಸಾಬರು ಅಲ್ಲಿ ನಿಂತು, ಯಾರಿಗೂ ಕೇಳದಷ್ಟು ಮೆಲ್ಲಗೆ ಹೇಳಿದರು:

"ಹೌದು ಯಪ್ಪಾ. ನಮ್ಮ ಮನಿದಽ."